ಓಲೆಗರಿಗೆ ಆಯುಷ್ಯ ಸವೆಸಿದವರು

ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಪೊನ್ನನ ಕೃತಿಗಳಲ್ಲಿ ‘ಭುವನೈಕರಾಮಾಭ್ಯುದಯ’ವು ಇಂದು ನಮಗೆ ಹೆಸರಿನಿಂದಷ್ಟೇ ಪರಿಚಿತವಾಗಿದೆ, ‘ಶಾಂತಿಪುರಾಣ’ವಾದರೋ ಆದ್ಯಂತವಾಗಿ ನಮ್ಮ ಕೈಸೇರಿದೆ. ಎರಡನ್ನೂ ಬರೆದ ಕವಿ ಒಬ್ಬನೇ. ಆದರೂ ಒಂದು ಕಾಲಗರ್ಭದಲ್ಲಿ ಅಡಗಿತು, ಇನ್ನೊಂದು ಸಾವಿರ ವರ್ಷಗಳನ್ನು ದಾಟಿ ಬಂದಿತು. ಕಾವ್ಯಗುಣದ ತಾರತಮ್ಯವೇ ಇದಕ್ಕೆ ಕಾರಣವೆಂದು ಹೇಳುವಂತಿಲ್ಲ, ಏಕೆಂದರೆ ಕಳೆದುಹೋದುದನ್ನು ಓದಿ ತೂಗಿ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ. ರನ್ನನ ಪರಶುರಾಮಚರಿತವೂ ಮೊದಲನೆಯ ಗುಣವರ್ಮನ ಶೂದ್ರಕ, ಹರಿವಂಶಗಳೂ ಹೀಗೆಯೇ ಹೋದವು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಒಂದು ಗ್ರಂಥವು ಬದುಕಿ ಉಳಿಯಬೇಕಾದರೆ ಕವಿಯ ಪ್ರತಿಭೆಯೊಂದೇ ಸಾಲುತ್ತಿರಲಿಲ್ಲ; ಆತನು ಗತಿಸಿದ ತರುವಾಯವೂ ಕೆಲವು ತಲೆಮಾರುಗಳಿಗೊಮ್ಮೆ ಯಾರಾದರೊಬ್ಬರು ನೆಲದ ಮೇಲೆ ಕುಳಿತು, ಬೆನ್ನು ಬಾಗಿಸಿ, ಹಳೆಯ ಗರಿಯಿಂದ ಹೊಸ ಗರಿಗೆ ಅದನ್ನು ಅಕ್ಷರಕ್ಷರವಾಗಿ ಇಳಿಸಬೇಕಾಗಿತ್ತು. ಹಾಗೆ ಇಳಿಸಿದವರಲ್ಲಿ ಬಹುಮಂದಿಯ ಹೆಸರು ನಮಗೆ ತಿಳಿಯದು. ಸಾಹಿತ್ಯಚರಿತ್ರೆಗಳು ಕವಿಗೆ ಪುಟಗಳನ್ನು ಮೀಸಲಿರಿಸುತ್ತವೆ, ಆಶ್ರಯವಿತ್ತ ಅರಸನಿಗೆ ಒಂದೆರಡು ವಾಕ್ಯಗಳನ್ನು ಕೊಡುತ್ತವೆ, ಪ್ರತಿ ಮಾಡಿದವನನ್ನು ಮಾತ್ರ ಮರೆತುಬಿಡುತ್ತವೆ. ಈ ಮರೆವು ನನಗೆ ಬಹುಕಾಲದಿಂದ ಅನ್ಯಾಯವಾಗಿ ತೋರಿದೆ.

ಶಾಂತಿಪುರಾಣದ ಭಾಗ್ಯಕ್ಕೆ ಕಾರಣಳಾದವಳು ಒಬ್ಬ ವಿಧವೆ. ವೆಂಗಿಮಂಡಲದ ಮಲ್ಲಪ, ಪುನ್ನಮಯ್ಯ ಎಂಬ ಸಹೋದರರು ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಪೊನ್ನನಿಂದ ಆ ಪುರಾಣವನ್ನು ಬರೆಯಿಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ. ಚಾಲುಕ್ಯ ಚಕ್ರವರ್ತಿ ತೈಲಪನ ಸೇನಾನಿಗಳಲ್ಲಿ ಒಬ್ಬನಾದ ನಾಗದೇವನು ಆಕೆಯ ಪತಿ. ಆಕೆಯ ತಂಗಿ ಗುಂಡಮಬ್ಬೆಯೂ ಅವನನ್ನೇ ವರಿಸಿದ್ದಳು. ನಾಗದೇವನು ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗ ಅಣ್ಣಿಗದೇವನನ್ನು ಸಾಕಿ ಬೆಳೆಸುವ ಹೊಣೆಯನ್ನು ಹೊತ್ತು ವ್ರತಸ್ಥೆಯಾಗಿ ಉಳಿದಳು. ಆ ಉಳಿದ ಬಾಳನ್ನು ಆಕೆ ಹೇಗೆ ತುಂಬಿಕೊಂಡಳೆಂಬುದೇ ಕನ್ನಡನಾಡಿನ ಪುಣ್ಯಕಥೆ. 993ರಲ್ಲಿ ರನ್ನನು ಅಜಿತಪುರಾಣವನ್ನು ಮುಗಿಸಿದುದು ಆಕೆಯ ಆಶ್ರಯದಲ್ಲಿ. ಲೊಕ್ಕಿಗುಂಡಿಯಲ್ಲಿ, ಎಂದರೆ ಇಂದಿನ ಲಕ್ಕುಂಡಿಯಲ್ಲಿ, ಆಕೆ ಎತ್ತಿಸಿದ ಬಸದಿಯೂ ಅಲ್ಲಿಯ 1007ರ ಶಾಸನವೂ ಇಂದಿಗೂ ಇವೆ. ಇವೆಲ್ಲಕ್ಕೂ ಮಿಗಿಲಾಗಿ ನನಗೆ ತೋರುವುದು, ತಂದೆ ಬರೆಯಿಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಮಾಡಿಸಿ ಆಕೆ ಹಂಚಿದಳೆಂದು ಪರಂಪರೆಯು ಹೇಳಿಕೊಂಡು ಬಂದಿರುವ ಕಾರ್ಯ. ಸಾವಿರವೆಂಬ ಸಂಖ್ಯೆಯನ್ನು ನಾವು ಇಂದು ಹಗುರಾಗಿ ಉಚ್ಚರಿಸುತ್ತೇವೆ. ಒಂದೊಂದು ಪ್ರತಿಯ ಹಿಂದೆಯೂ ಮರವೇರಿ ಎಲೆ ಕೊಯ್ದವನೊಬ್ಬನು, ಗರಿ ಹದಮಾಡಿದವನೊಬ್ಬನು, ತಿಂಗಳುಗಟ್ಟಲೆ ಅಕ್ಷರ ಕೊರೆಯುವ ಕಂಠ ಹಿಡಿದವನೊಬ್ಬನು, ಓದಿ ತಿದ್ದಿದವನೊಬ್ಬನು ಇದ್ದರೆಂದು ನೆನೆದಾಗ, ಅದು ಒಂದು ಸೇನೆಯನ್ನು ಸಜ್ಜುಗೊಳಿಸುವುದಕ್ಕೆ ಸಮನಾದ ಉದ್ಯಮವಾಗಿದ್ದಿತೆಂಬುದು ಮನವರಿಕೆಯಾಗುತ್ತದೆ. ದಾನಚಿಂತಾಮಣಿಯೆಂದು ಲೋಕವು ಆಕೆಯನ್ನು ಕೊಂಡಾಡಿದುದು ಉತ್ಪ್ರೇಕ್ಷೆಯಲ್ಲ.

ಜೈನಧರ್ಮವು ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂದು ನಾಲ್ಕು ಬಗೆಯ ದಾನಗಳನ್ನು ವಿಧಿಸಿದೆ. ಹಸಿದವನಿಗೆ ಅನ್ನವನ್ನೂ ಬೆದರಿದವನಿಗೆ ಅಭಯವನ್ನೂ ರೋಗಿಗೆ ಔಷಧವನ್ನೂ ಕೊಡುವುದರೊಡನೆ ಗ್ರಂಥವನ್ನು ಕೊಡುವುದನ್ನು ಒಂದೇ ಸಾಲಿನಲ್ಲಿ ಎಣಿಸಿದ ಆ ವಿವೇಕವು ಬಹು ದೊಡ್ಡದು. ಅದರ ಫಲವಾಗಿ, ಗ್ರಂಥವನ್ನು ಪ್ರತಿ ಮಾಡಿಸುವುದು ಪಂಡಿತರ ಪ್ರಯೋಜನಕ್ಕಷ್ಟೇ ಸಂಬಂಧಿಸಿದ ವಿಷಯವಾಗಿ ಉಳಿಯದೆ ಗೃಹಸ್ಥರ, ಅದರಲ್ಲಿಯೂ ಗೃಹಿಣಿಯರ, ವ್ರತಾಚರಣೆಯ ಅಂಗವಾಯಿತು. ವ್ರತವೊಂದನ್ನು ಕೈಗೊಂಡು ವರ್ಷಗಳ ಕಾಲ ನಡೆಸಿದ ಹೆಣ್ಣುಮಗಳು ಅದರ ಉದ್ಯಾಪನೆಯ ದಿನ ಏನನ್ನಾದರೂ ದಾನ ಮಾಡಬೇಕು. ಪೂರ್ವಕಾಲದ ಅನುಕೂಲಸ್ಥ ಶ್ರಾವಕಿಯರು ಆ ದಿನ ಮುನಿಗಳ ಕೈಗೆ ಹೊಸದಾಗಿ ಬರೆಯಿಸಿದ ಗ್ರಂಥವನ್ನು ಒಪ್ಪಿಸುತ್ತಿದ್ದರು.

ಇನ್ನು ಆ ಕೆಲಸದ ರೀತಿಯನ್ನು ತುಸು ಹತ್ತಿರದಿಂದ ನೋಡೋಣ. ನಮ್ಮ ದೇಶದಲ್ಲಿ ಬರವಣಿಗೆಗೆ ಬಳಕೆಯಾದ ತಾಳೆಗಳು ಎರಡು. ಒಂದು ಸಾಮಾನ್ಯವಾದ ಖರತಾಳ. ಇದರ ಗರಿ ದಪ್ಪ, ಒರಟು. ಇನ್ನೊಂದು ಕರಾವಳಿ, ಮಲೆನಾಡುಗಳಲ್ಲಿ ಬೆಳೆಯುವ ಶ್ರೀತಾಳ. ಇದರ ಗರಿ ಅಗಲವಾಗಿಯೂ ತೆಳುವಾಗಿಯೂ ಬಾಗಿದರೆ ಮುರಿಯದಷ್ಟು ಮೃದುವಾಗಿಯೂ ಇರುವುದು. ಶ್ರೀತಾಳದ ಮರವು ಹಲವು ದಶಕಗಳು ಬೆಳೆದು, ಬಾಳಿನಲ್ಲಿ ಒಂದೇ ಸಲ ಹೂಬಿಟ್ಟು, ಫಲ ಕೊಟ್ಟು ಒಣಗಿಹೋಗುತ್ತದೆ. ಎಳೆಯ ಸುಳಿಯೆಲೆಯನ್ನು ಕೊಯ್ದು, ನಡುವಿನ ದಿಂಡನ್ನು ತೆಗೆದು, ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ನುಣುಪಾದ ಕಲ್ಲಿನಿಂದಲೋ ಶಂಖದಿಂದಲೋ ಉಜ್ಜಿ ಹೊಳಪು ಕೊಡುತ್ತಿದ್ದರು. ಬಳಿಕ ಗರಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತು ಕೊರೆದು, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು ಕಟ್ಟನ್ನು ಸಿದ್ಧಗೊಳಿಸುತ್ತಿದ್ದರು. ಲಿಪಿಕಾರನು ಗರಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕಬ್ಬಿಣದ ಕಂಠವನ್ನು ಎಡ ಹೆಬ್ಬೆರಳಿನ ಆಸರೆಯಿಂದ ನಡೆಸುತ್ತ, ಅಕ್ಷರಗಳನ್ನು ಕೊರೆಯುವನು. ತುಸು ಒತ್ತಿದರೆ ಗರಿ ಹರಿಯುವುದು. ಕೈ ಸಡಿಲಾದರೆ ಗೆರೆ ಮೂಡದು. ಕೊರೆದು ಮುಗಿದ ಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಗೆ ಸವರಿ ಒರೆಸಿದರೆ, ಕಪ್ಪು ಗೆರೆಗಳಲ್ಲಿ ಮಾತ್ರ ನಿಂತು, ಅದುವರೆಗೆ ಅವನ ಕಣ್ಣಿಗೇ ಸರಿಯಾಗಿ ಕಾಣದಿದ್ದ ಬರವಣಿಗೆ ಒಮ್ಮೆಗೇ ತೆರೆದುಕೊಳ್ಳುವುದು. ದಿನವಿಡೀ ಬಹುಮಟ್ಟಿಗೆ ಕಾಣದೆಯೇ ಬರೆದು, ಕೊನೆಯಲ್ಲಿ ತನ್ನ ಕೆಲಸವನ್ನು ಕಂಡು ಸಂತೋಷಪಡುವ ಈ ವೃತ್ತಿಗೆ ಎಂತಹ ಶ್ರದ್ಧೆ ಬೇಕಾಗಿದ್ದಿರಬೇಕು!

ಅನೇಕ ಕಟ್ಟುಗಳ ಕೊನೆಯ ಗರಿಯಲ್ಲಿ ಲಿಪಿಕಾರನು ತನ್ನ ಬೆನ್ನು, ಸೊಂಟ, ಕತ್ತು ನೊಂದುದನ್ನೂ ದೃಷ್ಟಿ ಬಳಲಿದುದನ್ನೂ ಹೇಳಿ, ಕಷ್ಟಪಟ್ಟು ಬರೆದುದನ್ನು ಜೋಪಾನವಾಗಿ ಕಾಯಿರೆಂದು ಬೇಡಿಕೊಂಡಿರುವುದುಂಟು. ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಕಟ್ಟು ಸಡಿಲವಾಗದಂತೆ ಕಾಪಾಡಿ, ಅಜ್ಞನ ಕೈಗೆ ಕೊಡಬೇಡಿ ಎಂಬುದು ಆ ಪ್ರಾರ್ಥನೆಯ ಭಾವ. ಗ್ರಂಥವಿಡೀ ಪರರ ಮಾತನ್ನು ಬರೆದವನು ತನ್ನ ಮಾತೆಂದು ಆಡಿದುದು ಇಷ್ಟೇ. ಅದರಲ್ಲಿಯೂ ತನಗಾಗಿ ಏನನ್ನೂ ಕೇಳದೆ ಗ್ರಂಥದ ಕ್ಷೇಮವನ್ನೇ ಕೇಳಿದನು.

ಪ್ರತಿ ಮಾಡುವ ಈ ಪುಣ್ಯಕಾರ್ಯದ ಅತ್ಯಂತ ದೀರ್ಘವಾದ ಚರಿತ್ರೆ ಮೂಡಬಿದಿರೆಯ ಧವಳ ಗ್ರಂಥಗಳದು. ಜೈನ ಪರಂಪರೆಯ ಪ್ರಕಾರ, ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ಗುರುಮುಖದಿಂದ ಬಂದ ಆಗಮಜ್ಞಾನವು ತಮ್ಮೊಡನೆ ಅಳಿದುಹೋದೀತೆಂಬ ಆತಂಕದಿಂದ, ದಕ್ಷಿಣದ ಮುನಿಸಂಘಕ್ಕೆ ಹೇಳಿಕಳುಹಿಸಿ, ಪುಷ್ಪದಂತ, ಭೂತಬಲಿಗಳೆಂಬ ಇಬ್ಬರು ಶಿಷ್ಯರನ್ನು ಕರೆಸಿಕೊಂಡು ಅದನ್ನು ಉಪದೇಶಿಸಿದರು. ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ನಮ್ಮ ಬನವಾಸಿಯ ಪ್ರಾಂತಕ್ಕೆ, ಬಂದು ಮೊದಲ 177 ಸೂತ್ರಗಳನ್ನು ರಚಿಸಿ ಭೂತಬಲಿಗಳ ಬಳಿಗೆ ಕಳುಹಿದರು. ಉಳಿದುದನ್ನು ಭೂತಬಲಿಗಳು ಪೂರೈಸಿದರು. ಹೀಗೆ ಷಟ್ಖಂಡಾಗಮವು ಪುಸ್ತಕಾರೂಢವಾದ ಜ್ಯೇಷ್ಠ ಶುದ್ಧ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯೆಂದು ಆಚರಿಸಿ, ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಪೂಜಿಸುತ್ತಾರೆ. ಪೂಜೆಯ ನೆವದಿಂದ ವರ್ಷಕ್ಕೊಮ್ಮೆಯಾದರೂ ಕಟ್ಟುಗಳಿಗೆ ಗಾಳಿ ಬೆಳಕು ತಗಲುವಂತೆ ಮಾಡಿದ ಹಿರಿಯರು ಲೋಕವನ್ನು ಬಲ್ಲವರು.

ಈ ಸೂತ್ರಗಳಿಗೆ ವೀರಸೇನಾಚಾರ್ಯರು ಧವಳಾ ಎಂಬ ಮಹಾಟೀಕೆಯನ್ನು 816ರಲ್ಲಿ ಮುಗಿಸಿದರು. ಜಯಧವಳೆಯೆಂಬ ಇನ್ನೊಂದು ಟೀಕೆಯನ್ನು ಅವರು ಆರಂಭಿಸಿ ನಡುವೆ ಗತಿಸಲು, ಅಮೋಘವರ್ಷ ನೃಪತುಂಗನಿಗೆ ಗುರುಗಳಾಗಿದ್ದ ಶಿಷ್ಯ ಜಿನಸೇನರು 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಭಾಷೆ ಪ್ರಾಕೃತ, ಸಂಸ್ಕೃತ. ಆದರೆ ಕಾಲಾಂತರದಲ್ಲಿ ಲೋಕದಲ್ಲೆಲ್ಲ ಈ ಸಿದ್ಧಾಂತ ಗ್ರಂಥಗಳು ಉಳಿದುಬಂದುದು ತುಳುನಾಡಿನ ಮೂಡಬಿದಿರೆಯೊಂದರಲ್ಲಿ, ಅದೂ ಹಳಗನ್ನಡ ಲಿಪಿಯಲ್ಲಿ. ಧವಳೆಯ ಒಂದು ಪ್ರತಿಯನ್ನು ದೇಮಿಯಕ್ಕನೆಂಬಾಕೆ ಶ್ರುತಪಂಚಮಿಯ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಆ ಗುರುಗಳು 1123ರಲ್ಲಿ ಸಮಾಧಿ ಹೊಂದಿದರೆಂದು ಶ್ರವಣಬೆಳಗೊಳದ ಶಾಸನವು ತಿಳಿಸುವುದರಿಂದ, ಗರಿಗಳ ವಯಸ್ಸು ಎಂಟುನೂರು ವರ್ಷಗಳನ್ನು ಮೀರಿದುದೆಂಬುದು ಸ್ಪಷ್ಟ. ಷಟ್ಖಂಡಾಗಮದ ಕೊನೆಯ ಖಂಡವಾದ ಮಹಾಬಂಧದ ಪ್ರತಿಯನ್ನು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮಿಯ ವ್ರತವನ್ನು ಮುಗಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಶ್ರೀತಾಳದ ನೀಳವಾದ ಗರಿಗಳ ಮೇಲೆ ಇವನ್ನು ಕಂಠದಿಂದ ಕೊರೆಯದೆ ಮಸಿಯಿಂದ ಬರೆದಿದ್ದಾರೆ. ನಡುನಡುವೆ ಪಾರ್ಶ್ವನಾಥ, ಶ್ರುತದೇವಿ, ಕೈಮುಗಿದ ಶ್ರಾವಕ ಶ್ರಾವಕಿಯರು ಮೊದಲಾದವರ ವರ್ಣಚಿತ್ರಗಳಿವೆ. ದಕ್ಷಿಣದೇಶದ ಓಲೆಗಳಲ್ಲಿ ಚಿತ್ರಗಳು ದೊರೆಯುವುದೇ ಅಪೂರ್ವವಾದುದರಿಂದ, ಹೊಯ್ಸಳರ ಕಾಲದ ಚಿತ್ರಕಲೆಯನ್ನು ಅರಿಯಬೇಕೆನ್ನುವವರಿಗೆ ಈ ಗರಿಗಳೇ ಮುಖ್ಯ ಆಧಾರ. ಮೂರು ಅಂಗುಲವೂ ಇಲ್ಲದ ಪಟ್ಟಿಯಲ್ಲಿ ದೇವಿಯ ಮುಖದ ಪ್ರಸನ್ನತೆಯನ್ನು ತೋರಿಸಿದ ಆ ಚಿತ್ರಕಾರನು ತನ್ನ ಕಲೆ ಕಟ್ಟಿನೊಳಗೆ ಮುಚ್ಚಿಹೋಗುವುದೆಂದು ಅರಿತಿದ್ದನು. ಅರಿತೂ ಕುಂಚದಲ್ಲಿ ಲೋಪ ಮಾಡಲಿಲ್ಲ.

ಅನಂತರದ ಶತಮಾನಗಳಲ್ಲಿ ಈ ಗ್ರಂಥಗಳು ಓದುವ ವಸ್ತುವಾಗಿ ಉಳಿಯದೆ ದರ್ಶನದ ವಸ್ತುವಾದವು. ಇವುಗಳನ್ನು ಇರಿಸಿದ್ದ ಮೂಡಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದುದು ಇವುಗಳಿಂದಲೇ. ಉತ್ತರದೇಶದಿಂದ ಬರುವ ಯಾತ್ರಿಕರು ರತ್ನಬಿಂಬಗಳೊಡನೆ ಇವುಗಳಿಗೂ ಕೈಮುಗಿದು ಹೋಗುತ್ತಿದ್ದರು. ಗರಿ ಬಿಚ್ಚಿ ಹಳಗನ್ನಡ ಲಿಪಿಯ ಪ್ರಾಕೃತವನ್ನು ಓದಬಲ್ಲವರು ವಿರಳರಾಗಿದ್ದರು. ಸ್ಥಳದವರು ಗ್ರಂಥಗಳನ್ನು ಹೊರಕ್ಕೆ ಕೊಡದಿದ್ದುದನ್ನು ಕೆಲವರು ಸಂಕುಚಿತವೆಂದು ದೂಷಿಸಿದ್ದುಂಟು. ನಾನು ಹಾಗೆ ಹೇಳಲಾರೆ. ಉಳಿದೆಡೆಗಳಲ್ಲಿ ಅಳಿದುದು ಇಲ್ಲಿ ಮಾತ್ರ ಉಳಿದಿದ್ದರೆ, ಎಂಟುನೂರು ಮಳೆಗಾಲಗಳ ತೇವದಿಂದ ಅದನ್ನು ಕಾಪಾಡಿದ ಕಟ್ಟುನಿಟ್ಟಿಗೂ ಅದರಲ್ಲಿ ಪಾಲುಂಟು.

ಮುಂಬಯಿಯ ಸೇಠ್ ಮಾಣಿಕಚಂದರು, ಸೊಲ್ಲಾಪುರದ ಸೇಠ್ ಹಿರಾಚಂದ ನೇಮಚಂದರು ಯಾತ್ರೆಗೆ ಬಂದು ಗರಿಗಳ ಜೀರ್ಣಾವಸ್ಥೆಯನ್ನು ಕಂಡು ಮರುಗಿ, ಪ್ರತಿ ಮಾಡಿಸಲು ಮುಂದಾದರು. 1896ರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಕೆಲಸಕ್ಕೆ ಕುಳಿತರು. ಕೆಲಸ ಮುಗಿಯುವ ಮುನ್ನವೇ ಶಾಸ್ತ್ರಿಗಳು ತೀರಿಕೊಂಡರು. ಉಪಾಧ್ಯಾಯರು ಒಬ್ಬರೇ ವರ್ಷಗಟ್ಟಲೆ ನಾಗರಿ ಲಿಪಿಯಲ್ಲಿ ಬರೆದರು. ಕನ್ನಡ ಪ್ರತಿಗಳನ್ನು ಬೇರೆ ಸ್ಥಳೀಯರು ಸಿದ್ಧಪಡಿಸಿದರು. ಮಹಾಬಂಧವನ್ನೂ ಸೇರಿಸಿಕೊಂಡರೆ ಈ ಪ್ರಯತ್ನಕ್ಕೆ ಸುಮಾರು ಕಾಲು ಶತಮಾನವೇ ಹಿಡಿಯಿತು. ಒಪ್ಪಂದದ ಪ್ರಕಾರ ಪ್ರತಿಗಳೆಲ್ಲ ಮೂಡಬಿದಿರೆಯಲ್ಲಿಯೇ ಉಳಿಯಬೇಕಾಗಿತ್ತು. ಆದರೆ ಗಜಪತಿ ಉಪಾಧ್ಯಾಯರು ತಮ್ಮ ಮನೆಯಲ್ಲಿ, ವಿದುಷಿಯಾಗಿದ್ದ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಗೊಳಿಸಿದರು. ಸೇಠರು ಅದನ್ನು ಸ್ವೀಕರಿಸಲು ಹಿಂಜರಿದುದರಿಂದ, ಉಪಾಧ್ಯಾಯರು ಅದನ್ನು ಸಹಾರನಪುರಕ್ಕೆ ಕೊಂಡೊಯ್ದು ಲಾಲಾ ಜಂಬೂಪ್ರಸಾದರಿಗೆ ಹಣಕ್ಕೆ ಒಪ್ಪಿಸಿದರು. ಕೊಟ್ಟ ಮಾತನ್ನು ಮೀರಿದುದು ಮೀರಿದುದೇ. ಅದನ್ನು ನಾನು ಮರೆಮಾಚುವುದಿಲ್ಲ. ಆದರೂ, ಗಂಡನು ಹಗಲೆಲ್ಲ ಬರೆದು ತಂದುದನ್ನು ಮನೆಯ ಕೆಲಸ ತೀರಿಸಿದ ಬಳಿಕ ಪ್ರತಿ ಮಾಡಿರಬಹುದಾದ ಆ ಗೃಹಿಣಿಯನ್ನು ನೆನೆದಾಗ ಮನಸ್ಸು ತಾನಾಗಿ ತಲೆಬಾಗುತ್ತದೆ. ಅತ್ತಿಮಬ್ಬೆ, ದೇಮಿಯಕ್ಕ, ಮಲ್ಲಿಕಬ್ಬೆಯರು ಧನವಿತ್ತು ಬರೆಯಿಸಿದರು. ಲಕ್ಷ್ಮೀಬಾಯಿಯವರು ಸ್ವಹಸ್ತದಿಂದ ಬರೆದರು.

ಸಹಾರನಪುರದಲ್ಲಿ 1916ರಿಂದ 1923ರವರೆಗೆ ವಿಜಯಚಂದ್ರಯ್ಯನವರು ಕನ್ನಡ ಪ್ರತಿಯನ್ನು ಓದಿ ಹೇಳಲು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದರು. ಅವರಿಂದ ಪ್ರತಿಗಳು ಬೇರೆ ಊರುಗಳಿಗೆ ಹಬ್ಬಿದವು. ಅವನ್ನು ಆಧರಿಸಿ ಅಮರಾವತಿಯಲ್ಲಿ ಹೀರಾಲಾಲ ಜೈನರು ಸಂಪಾದಿಸಿದ ಧವಳೆಯ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಹದಿನಾರು ಸಂಪುಟಗಳು ಮುಗಿಯಲು ಎರಡು ದಶಕಗಳು ಬೇಕಾದವು. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ಅರ್ಥಸಂಗತಿಗೆ ಒಂದು ಪದ ಕಡಮೆಯಾಗಿದೆಯೆಂದು ಸಂಪಾದಕರು ಊಹಿಸಿ ಸೂಚಿಸಿದರು. ಇದರ ಮೇಲೆ ಪಂಡಿತರಲ್ಲಿ ದೊಡ್ಡ ವಾದವೆದ್ದಿತು. ಮುಂದೆ ಮೂಡಬಿದಿರೆಯವರು ಉದಾರವಾಗಿ ಗರಿ ಬಿಚ್ಚಿ ನೋಡಲು ಅವಕಾಶವಿತ್ತಾಗ, ಆ ಪದವು ಓಲೆಯಲ್ಲಿ ಸ್ಪಷ್ಟವಾಗಿದ್ದಿತು. ಪ್ರತಿಯ ಪ್ರತಿಯಲ್ಲಿ ಎಲ್ಲಿಯೋ ದಣಿದ ಕಣ್ಣೊಂದು ಅದನ್ನು ದಾಟಿ ಹೋಗಿತ್ತು. ಹನ್ನೆರಡನೆಯ ಶತಮಾನದ ಲಿಪಿಕಾರನು ಬಿಡದೆ ಬರೆದಿಟ್ಟ ಒಂದು ಪದವು ಇಪ್ಪತ್ತನೆಯ ಶತಮಾನದ ವಿದ್ವತ್ಸಭೆಯ ವಾದವನ್ನು ತೀರ್ಮಾನಿಸಿತು. ಮಹಾಬಂಧಕ್ಕೆ ಈ ಭಾಗ್ಯ ಪೂರ್ಣವಾಗಿ ದೊರೆಯಲಿಲ್ಲ. ಅದರ ಕೆಲವು ಗರಿಗಳು ಹಾಳಾಗಿ, ಮುದ್ರಿತ ಗ್ರಂಥದಲ್ಲಿ ಆ ಎಡೆಗಳು ಬರಿದಾಗಿಯೇ ಉಳಿದಿವೆ.

ಮೂಲದ ಗರಿಗಳೊಡನೆ ಹೋಲಿಸಿ ಪಾಠಭೇದಗಳನ್ನು ಕಳುಹಿಸಿದವರು ಮೂಡಬಿದಿರೆಯ ಲೋಕನಾಥ ಶಾಸ್ತ್ರಿಗಳು. ಅದೇ ನಾಡಿನ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಓಲೆಗ್ರಂಥಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ಸಿದ್ಧಗೊಳಿಸಿದ ಸೂಚಿಯು 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಹುಡಿಯಾಗುವ ಗರಿಗಳ ನಡುವೆ ಕುಳಿತು, ಹೆಸರು, ಕರ್ತೃ, ಗರಿಗಳ ಸಂಖ್ಯೆ, ಅವಸ್ಥೆ ಎಂದು ಸಾಲುಸಾಲಾಗಿ ಬರೆಯುತ್ತ ಹೋಗುವ ಈ ಕೆಲಸಕ್ಕೆ ಕವಿತೆಯ ರೋಮಾಂಚವಿಲ್ಲ, ಸಭೆಯ ಚಪ್ಪಾಳೆಯಿಲ್ಲ. ಆದರೂ ಅವರು ಮಾಡಿದರು, ಮಾಡುತ್ತಲೇ ಮುದುಕರಾದರು.

ಇದು ಜೈನರಲ್ಲಿ ಮಾತ್ರ ಬೆಳೆದ ಧರ್ಮವಲ್ಲ. ವಿರಕ್ತಮಠಗಳಲ್ಲಿ ವಚನದ ಕಟ್ಟುಗಳೂ, ಹಳ್ಳಿಹಳ್ಳಿಯ ಶಾನುಭೋಗರ ಮನೆಗಳಲ್ಲಿ ಕುಮಾರವ್ಯಾಸನ ಭಾರತವೂ ಇದೇ ಬಗೆಯ ಕೈಗಳಿಂದ ಉಳಿದುಬಂದವು. ಬಿಜಾಪುರದ ವಕೀಲ ಫ. ಗು. ಹಳಕಟ್ಟಿಯವರು ಊರೂರು ಅಲೆದು ಅಂತಹ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ವಚನಗಳನ್ನು ಇಂದು ನಾವು ಮನೆಮಾತಿನಂತೆ ಆಡುತ್ತಿರುವುದಕ್ಕೆ ಅವರ ತ್ಯಾಗವೂ, ಅವರಿಗಿಂತ ಮುಂಚೆ ಅವನ್ನು ಬರೆದಿಟ್ಟ ಅಜ್ಞಾತ ಲಿಪಿಕಾರರ ಶ್ರಮವೂ ಸಮಾನವಾಗಿ ಕಾರಣ.

ಇವರೆಲ್ಲ ಸಾರ್ಥಕ್ಯವನ್ನು ಎಲ್ಲಿ ಕಂಡುಕೊಂಡರೆಂದು ಯೋಚಿಸಿದ್ದೇನೆ. ಸೃಷ್ಟಿಸುವವನಿಗೆ ತನ್ನ ಹೆಸರು ಉಳಿಯುವ ಆಸೆಯುಂಟು; ಪ್ರತಿ ಮಾಡುವವನಿಗೆ ಅದೂ ಇಲ್ಲ. ತನ್ನದನ್ನು ಒಂದಕ್ಷರವೂ ಸೇರಿಸದಿರುವುದೇ ಅವನ ಕಲೆಯ ಪರಾಕಾಷ್ಠೆ. ತನಗೆ ದೊರೆತುದು ತನ್ನಿಂದ ಮುಂದಿನವರಿಗೆ ಕುಂದಿಲ್ಲದೆ ದಾಟಿತೆಂಬ ನೆಮ್ಮದಿಯೊಂದೇ ಅವನ ಸಂಪಾದನೆ. ಅದು ಅಲ್ಪವಾದುದೆಂದು ಭಾವಿಸುವವರು, ಅಂತಹ ನೆಮ್ಮದಿಯನ್ನು ಒಮ್ಮೆಯೂ ಅನುಭವಿಸಿಲ್ಲವೆಂದೇ ನನ್ನ ನಂಬಿಕೆ.

ನಮ್ಮ ಹಳೆಯ ಮನೆಗಳ ಅಟ್ಟಗಳಲ್ಲಿ ಇನ್ನೂ ಓಲೆಗರಿಯ ಕಟ್ಟುಗಳಿವೆ. ಕೆಲವರು ನವರಾತ್ರಿಯ ಸರಸ್ವತಿ ಪೂಜೆಯ ದಿನ ಅವುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಬಿಚ್ಚದೆಯೇ ಮತ್ತೆ ಮೇಲಿಡುತ್ತಾರೆ. ಮನೆ ಕೆಡವಿ ಕಟ್ಟುವಾಗ ಹೊಳೆಗೆ ಬಿಡುವವರೂ ಉಂಟು. ಓದುಗರಲ್ಲಿ ಯಾರ ಮನೆಯಲ್ಲಾದರೂ ಅಂತಹ ಕಟ್ಟಿದ್ದರೆ, ಬರುವ ಮಳೆಗಾಲಕ್ಕೆ ಮುನ್ನ ಅದನ್ನು ಕೆಳಗಿಳಿಸಿ, ಹಳೆಯ ಲಿಪಿಯನ್ನು ಬಲ್ಲವರೊಬ್ಬರಿಗೆ ತೋರಿಸಿ. ಅದು ನೂರು ಕಡೆ ದೊರೆಯುವ ಪಂಚಾಂಗವೋ ವೈದ್ಯದ ಟಿಪ್ಪಣಿಯೋ ಆಗಿರಬಹುದು. ಭುವನೈಕರಾಮಾಭ್ಯುದಯದ ಪ್ರತಿ ಇನ್ನೂ ಯಾರಿಗೂ ದೊರೆತಿಲ್ಲ.